ಬೀಗ ಬಿದ್ದ ವಾರ್ಡಿನ ಲೆಕ್ಕ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಸಣ್ಣ ಪೇಟೆ. ಇಲ್ಲಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ 30 ಹಾಸಿಗೆ ಇತ್ತು. ಮಳೆ ಹಿಡಿಯುವ ಮುಂಚೆ ಹೆಂಗಸರ ವಾರ್ಡಿಗೆ ಬೀಗ ಹಾಕಿದರು. 12 ಮಂಚ ಸ್ಟೋರ್ ರೂಮು ಸೇರಿತು. ಕೇಳಿದರೆ ‘ಹಾಸಿಗೆ ಕಡಿಮೆ ಮಾಡಿಲ್ಲ, ರೋಗಿಗಳೇ ಬರುತ್ತಿಲ್ಲ’ ಅನ್ನುತ್ತಾರೆ. ಧರಣಿ ಕೂತೆವು, ಮನವಿ ಕೊಟ್ಟೆವು. ಮುಂದೇನು?
– ಒಬ್ಬ ಓದುಗ, ದಕ್ಷಿಣ ಕೊಡಗು

ಉತ್ತರ: ನಾನು 31 ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಇಂಥ ಬೀಗವನ್ನು ಒಮ್ಮೆ ನನ್ನ ಕೈಯಾರೆ ಹಾಕಿದ್ದೇನೆ. ಹಾಸಿಗೆ ತೆಗೆಯಿರಿ ಅಂತ ಆಗ ಯಾವ ಆದೇಶವೂ ಬಂದಿರಲಿಲ್ಲ. ಇಬ್ಬರು ನರ್ಸ್ ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ರಾತ್ರಿ ಪಾಳಿಗೆ ನಾನೊಬ್ಬಳೇ. ಎರಡು ವಾರ್ಡು ಓಡಾಡಿ ಸಾಕಾಗಿ, ಇದ್ದವರನ್ನೆಲ್ಲ ಒಂದೇ ಕಡೆ ಮಲಗಿಸಿದೆವು. ‘ಸದ್ಯಕ್ಕೆ’ ಅಂದುಕೊಂಡಿದ್ದೆವು!

ಆದ್ದರಿಂದ ಹಾಸಿಗೆ ಎಷ್ಟಿದೆ ಅಂತ ಕೇಳಬೇಡಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವಾಗಿನಿಂದ ಖಾಲಿ ಅಂತ ಕೇಳಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಷ್ಟಸುಖವೆಲ್ಲ ಅದರಲ್ಲಿ ತುಂಬಲು ಹೋಗಬೇಡಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಹಾಕಿ.

‘ರೋಗಿಗಳೇ ಬರುತ್ತಿಲ್ಲ’ ಅನ್ನುವ ಮಾತಿಗೆ ಬರೋಣ. ವಾರ್ಡಿನಲ್ಲಿ ಎಷ್ಟು ಜನ ಮಲಗಿದ್ದಾರೆ ಎಂಬ ಲೆಕ್ಕವನ್ನು ಮಧ್ಯರಾತ್ರಿ ಬರೆಯುತ್ತೇವೆ. ಸಂಜೆ ಏಳಕ್ಕೆ ಹೆರಿಗೆ ನೋವೆಂದು ಬಂದವಳನ್ನು ಎಂಟಕ್ಕೆ ಮಡಿಕೇರಿಗೋ ಮೈಸೂರಿಗೋ ಕಳಿಸಿದರೆ, ಹನ್ನೆರಡಕ್ಕೆ ಆ ಹಾಸಿಗೆ ಖಾಲಿ. ಡಾಕ್ಟರಿಲ್ಲದೆ ಹೊರಗೆ ಕಳಿಸಿದ್ದು, ರೋಗಿ ಇಲ್ಲದ್ದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಹಾಗಾಗಿ ಬೇರೆ ಕಡೆಗೆ ಬರೆದುಕೊಟ್ಟ ರೆಫರಲ್ ಚೀಟಿಗಳನ್ನು ಮನೆಮನೆಯಿಂದ ಕೂಡಿಸಿ. ಹೆಸರು ಮುಚ್ಚಿ, ತಾರೀಖು ಮತ್ತು ಗಂಟೆ ಕಾಣುವಂತೆ ಜೆರಾಕ್ಸ್ ಮಾಡಿಸಿ. ಶಾಸಕರ ಮುಂದೆ ಇಂಥ 50 ಚೀಟಿ ಇಡಿ. ವಿಧಾನಸಭೆಯಲ್ಲಿ ಪ್ರಶ್ನೆ ಕೇಳಲು ಅವರಿಗೂ ಏನಾದರೂ ಕೈಯಲ್ಲಿರಬೇಕು ಅಲ್ವಾ?

2019ರಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವೇ ನಡೆಯಿತು. ಸಿನಿಮಾದವರೂ ದನಿಗೂಡಿಸಿದರು. ಒಳ್ಳೆಯದೇ. ಆದರೆ ನಿಮ್ಮ ಪೇಟೆಯ ವಾರ್ಡಿಗಾಗಿ ಯಾವ ನಟನೂ ಬರುವುದಿಲ್ಲ.

ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ಧರಣಿಯಲ್ಲಿ ಲೈನ್‌ಮನೆಯವರು (ತೋಟದ ಸಾಲುಮನೆಗಳಲ್ಲಿರುವ ಕೂಲಿಯವರು) ಎಷ್ಟು ಜನ ಇದ್ದರು? ತೋಟದ ಯಜಮಾನರು ಜೀಪು ಹತ್ತಿ ಮೈಸೂರಿಗೆ ಹೋಗುತ್ತಾರೆ. ಆ ಮಂಚಗಳ ಮೇಲೆ ಮಲಗುವವರು ಲೈನ್‌ಮನೆಯವರು. ಕೂಲಿ ಬಿಟ್ಟು ಬರಲು ಅವರಿಗಾಗುವುದಿಲ್ಲ, ಕಾಫಿ ಕೊಯ್ಲಿನಲ್ಲಂತೂ ಕೇಳಲೇಬೇಡಿ. ಸಂಜೆ ಲೈನಿಗೆ ನೀವೇ ಹೋಗಿ. ಅಸ್ಸಾಮಿನವರಿದ್ದರೆ ಹಿಂದಿ ಬಲ್ಲ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಳ್ಳಿ. ಚೀಟಿ ಜಾಸ್ತಿ ಸಿಗುವುದೂ ಅಲ್ಲೇ.

ಹಾಗೇ ನರ್ಸ್‌ಗಳ ಮೇಲೆ ಕೂಗಾಡಬೇಡಿ, ಒಳಗಿನ ಸುದ್ದಿ ಹೇಳುವವರೇ ಅವರು. ಸ್ಟೋರ್ ರೂಮು ನೋಡಲು ಬಿಟ್ಟರೆ ಮಂಚದ ತಲೆಕಡೆಯ ಕಂಬಿ ನೋಡಿ. ಪೇಂಟಿನಲ್ಲಿ ನಂಬರ್ ಬರೆದಿರುತ್ತದೆ. 12 ನಂಬರನ್ನೂ ಬರೆದುಕೊಂಡು ಬನ್ನಿ. ದಾಸ್ತಾನು ಪುಸ್ತಕದಲ್ಲಿ ಆ ಮಂಚಗಳು ಇನ್ನೂ ವಾರ್ಡಿನಲ್ಲೇ ಇರುತ್ತವೆ.