ಓದುಗರ ಪ್ರಶ್ನೆ: ರಿಫ್ರೆಶರ್ ಮುಗೀತು, ಸರ್ಟಿಫಿಕೇಟೂ ಬಂತು, ಈಗ ಕ್ಲಾಸಲ್ಲಿ ಏನ್ ಮಾಡ್ಲಿ?

ಪ್ರಶ್ನೆ: ಸರ್, ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಕಾಮರ್ಸ್ ಹೇಳ್ಕೊಡ್ತೀನಿ. ರಜೆಯಲ್ಲಿ ಉಪನ್ಯಾಸಕರಿಗೆ ಅಂತ ಇರೋ ಆನ್‌ಲೈನ್ ರಿಫ್ರೆಶರ್ ಕೋರ್ಸ್ ಮಾಡ್ದೆ. ಪಾಠ ಮಾಡೋಕೆ ಬಂದೋರೆಲ್ಲ ಪಿಪಿಟಿ ಓದಿದ್ರು, ‘ವಿದ್ಯಾರ್ಥಿಗಳನ್ನ ಪಾಠದಲ್ಲಿ ತೊಡಗಿಸಿ’ ಅಂತ ಹೇಳಿದ್ರು, ನಾವು ಮ್ಯೂಟಲ್ಲಿ ಕೂತಿದ್ವಿ. ಎಂಬತ್ತು ಮಕ್ಕಳ ಬಿಕಾಂ ಕ್ಲಾಸಲ್ಲಿ ಇದರಿಂದ ನಾನು ಏನು ಬಳಸ್ಲಿ?
– ಹೆಸರು ಬೇಡ, ಹಾವೇರಿ

ಉತ್ತರ: ಮೇಡಂ, ತೊಡಗಿಸೋದು ಹೇಗೆ ಅಂತ ಹೇಳೋರು ನಿಮ್ಮನ್ನೇ ಮ್ಯೂಟ್ ಮಾಡಿ ಕೂರ್ಸಿದ್ರಲ್ಲ, ಅಲ್ಲೇ ಇರೋದು ಗಮ್ಮತ್ತು. 1986ರ ಶಿಕ್ಷಣ ನೀತಿ ಬಂದ್ಮೇಲೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಇಂಥ ಕೋರ್ಸ್ ನಡೆಸೋ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನ ಶುರು ಮಾಡ್ತು, ಆಮೇಲೆ ಅವು ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ) ಆದ್ವು, 2023ರಿಂದ ಮಾಳವೀಯ ಮಿಷನ್ ಕೇಂದ್ರಗಳು. ಬೋರ್ಡ್ ಬದಲಾದಷ್ಟು ಒಳಗಿನ ಪಾಠ ಬದಲಾಗ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪ್ರಮೋಷನ್ನಿಗೆ ಬೇಕು ಅಂತ ಬರೋರೇ ಜಾಸ್ತಿ, ಅದರಲ್ಲಿ ತಪ್ಪೇನಿಲ್ಲ ಬಿಡಿ.

ಇಡೀ ಕೋರ್ಸಿಂದ ಒಂದೇ ಒಂದು ವಿಷ್ಯ ತಗೊಳಿ, ಅದನ್ನ ಒಂದೇ ಟಾಪಿಕ್ಕಿಗೆ ಹಾಕಿ ನೋಡಿ. ನಾನಾದ್ರೆ ಪೀರ್ ಇನ್‌ಸ್ಟ್ರಕ್ಷನ್, ಅಂದ್ರೆ ಮಕ್ಕಳೇ ಪಕ್ಕದೋರಿಗೆ ಹೇಳ್ಕೊಡೋ ಪದ್ಧತಿ, ತಗೋತಿದ್ದೆ. ಎರಿಕ್ ಮಜೂರ್ ಅಂತ ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್, ಫೀಡ್‌ಬ್ಯಾಕಲ್ಲಿ ಮಕ್ಕಳಿಂದ ಭೇಷ್ ಅನ್ನಿಸ್ಕೊಂಡೋರೇ, ಆದ್ರೆ ಅದೇ ಮಕ್ಕಳು ಫಾರ್ಮುಲಾ ಹಾಕಿ ಲೆಕ್ಕ ಬಿಡಿಸ್ತಾರೆ, ಮೂಲ ಪ್ರಶ್ನೆ ಸುಮ್ನೆ ಮಾತಲ್ಲಿ ಕೇಳಿದ್ರೆ ತಡವರಿಸ್ತಾರೆ ಅಂತ ಗೊತ್ತಾಗಿ 1991ರಲ್ಲಿ ಕ್ಲಾಸಿನ ರೀತಿನೇ ಹೀಗೆ ಬದಲಾಯಿಸಿದ್ರು.

ನಿಮ್ಮ ಸಬ್ಜೆಕ್ಟಲ್ಲೇ ಹೇಳ್ತೀನಿ. ಬೋರ್ಡ್ ಮೇಲೆ ಬರೀರಿ: ಹೋದ ವರ್ಷ ದುಡ್ಡು ಕೊಟ್ಟು ಮೆಷಿನ್ ತಗೊಂಡಾಯ್ತು, ಈ ವರ್ಷ ಅದಕ್ಕೆ 50,000 ರೂಪಾಯಿ ಡಿಪ್ರಿಸಿಯೇಷನ್ (ಸವಕಳಿ, ಅಂದ್ರೆ ಬಳಸ್ತಾ ಇಳಿಯೋ ಬೆಲೆಯ ಲೆಕ್ಕ) ಹಾಕಿದ್ವಿ, ಟ್ಯಾಕ್ಸ್ ಲೆಕ್ಕ ಸದ್ಯಕ್ಕೆ ಬಿಡಿ. ಒಂದು, ಲಾಭನೂ ಇಳಿಯುತ್ತೆ ಕ್ಯಾಶೂ ಇಳಿಯುತ್ತೆ. ಎರಡು, ಲಾಭ ಮಾತ್ರ ಇಳಿಯುತ್ತೆ. ಮೂರು, ಕ್ಯಾಶ್ ಮಾತ್ರ ಇಳಿಯುತ್ತೆ. ಒಂದು ನಿಮಿಷ ಯಾರೂ ಮಾತಾಡೋ ಹಾಗಿಲ್ಲ, ಆಮೇಲೆ ಎಲ್ಲರೂ ಬೆರಳನ್ನ ಎದೆ ಹತ್ರ ಹಿಡಿದು ತೋರಿಸ್ಬೇಕು, ಕೈ ಮೇಲೆತ್ತಿದ್ರೆ ಹಿಂದಿನ ಬೆಂಚೋರು ಮುಂದಿನೋರ್ನ ಕಾಪಿ ಹೊಡೀತಾರೆ. ಮುಕ್ಕಾಲು ಪಾಲು ಎರಡು ಬೆರಳು ಕಂಡ್ರೆ ಮುಂದಕ್ಕೆ ಹೋಗಿ. ಎಲ್ಲೋ ಅಲ್ಲೊಬ್ರು ಇಲ್ಲೊಬ್ರು ಅಂದ್ರೆ ಇನ್ನೊಮ್ಮೆ ನೀವೇ ಹೇಳ್ಕೊಡಿ. ಅರ್ಧಂಬರ್ಧ ಇದ್ರೆ ಉತ್ತರ ಬಾಯಿ ಬಿಡ್ಲೇಬೇಡಿ, ‘ಪಕ್ಕದಲ್ಲಿ ಬೇರೆ ಉತ್ತರ ಕೊಟ್ಟೋರು ಯಾರಿದಾರೆ ಹುಡುಕಿ, ಅವರನ್ನ ಒಪ್ಪಿಸಿ’ ಅನ್ನಿ, ಎರಡು ನಿಮಿಷ ಬಿಟ್ಟು ಮತ್ತೆ ಬೆರಳು ಕೇಳಿ. ‘ಲೇ, ದುಡ್ಡು ಮೆಷಿನ್ ತಗೊಂಡಾಗ್ಲೇ ಹೋಯ್ತಲ್ಲೋ, ಈಗ ಯಾರ್ಗೆ ಕೊಡ್ತೀಯ?’ ಅಂತ ಒಬ್ಬ ಹುಡುಗ ಇನ್ನೊಬ್ಬನಿಗೆ ಹೇಳಿದ್ರೆ ಅದು ನಾವು ಹೇಳೋದಕ್ಕಿಂತ ಬೇಗ ತಲೆಗೆ ಇಳಿಯುತ್ತೆ, ಯಾಕಂದ್ರೆ ಅವನಿಗೂ ಈಗಷ್ಟೇ ಅರ್ಥ ಆಗಿರುತ್ತೆ, ಎಲ್ಲಿ ಎಡವಿದ್ದೆ ಅನ್ನೋದು ನೆನಪಿರುತ್ತೆ. ಗಲಾಟೆ ಆಗೇ ಆಗುತ್ತೆ, ಪ್ರಿನ್ಸಿಪಾಲರು ಬಾಗ್ಲಲ್ಲಿ ಇಣುಕಿದ್ರೆ ಒಳಗೆ ಕರೀರಿ. ಪೋರ್ಷನ್ ಮುಗಿಯಲ್ಲ ಅನ್ನೋ ಭಯ ಇದ್ರೆ ವಾರಕ್ಕೊಂದು ಪ್ರಶ್ನೆ ಸಾಕು.

ಪ್ರಶ್ನೆ: ಕೋವಿಡ್ ಟೈಮಲ್ಲಿ ರೆಕಾರ್ಡ್ ಮಾಡಿದ ಪೂರ್ತಿ ಪೀರಿಯಡ್ಡಿನ ವಿಡಿಯೋಗಳು ಯೂಟ್ಯೂಬಲ್ಲಿವೆ. ಮಕ್ಕಳು ಶುರು ನೋಡಿ ಬಿಟ್ಟುಬಿಡ್ತಾರೆ. ಏನ್ಮಾಡೋದು?
– ಇತಿಹಾಸ ಉಪನ್ಯಾಸಕ, ತುಮಕೂರು

ಉತ್ತರ: ನಿಮ್ಮ ಮಕ್ಕಳು ಮಾತ್ರ ಅಲ್ಲ ಸರ್. ಎಡೆಕ್ಸ್ ಅನ್ನೋ ಆನ್‌ಲೈನ್ ತಾಣದ ಕೋರ್ಸುಗಳಲ್ಲಿ ಸುಮಾರು 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ಇಟ್ಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು, ಆರು ನಿಮಿಷದ ಒಳಗಿನ ವಿಡಿಯೋಗಳನ್ನೇ ಜನ ಹೆಚ್ಚು ಗಮನ ಇಟ್ಟು ನೋಡಿದ್ರು. ಬರೀ ಸ್ಲೈಡ್ ಓಡಿಸೋದಕ್ಕಿಂತ ಕೈಯಲ್ಲಿ ಬರೀತಾ ಹೇಳ್ಕೊಡೋ ವಿಡಿಯೋಗಳು ಜಾಸ್ತಿ ಹಿಡಿದಿಟ್ವು ಅನ್ನೋದೂ ಅದರಲ್ಲಿತ್ತು. ಸೋ ಟ್ಯಾಬ್ಲೆಟ್ ಬೇಕಿಲ್ಲ, ಎರಡು ರಾಶಿ ಪುಸ್ತಕದ ಮಧ್ಯೆ ಸ್ಕೇಲ್ ಇಟ್ಟು ಅದರ ಮೇಲೆ ಮೊಬೈಲ್ ಮಲಗಿಸಿ, ಕ್ಯಾಮೆರಾ ಕೆಳಗೆ ಬಿಳಿ ಹಾಳೆ ಇಡಿ, ಇಯರ್‌ಫೋನ್ ಮೈಕ್ ಹಾಕ್ಕೊಳಿ. ಫ್ಯಾನ್ ಆಫ್ ಮಾಡಿ, ಇದನ್ನ ಯಾರೂ ಹೇಳಲ್ಲ. ಹಳೇ ವಿಡಿಯೋನ ಸುಮ್ನೆ ಕತ್ತರಿಸ್ಬೇಡಿ, ಒಂದು ವಿಡಿಯೋಗೆ ಒಂದೇ ವಿಷ್ಯ ಅಂತ ಹೊಸದಾಗಿ ಮಾಡಿ. ಜೊತೆಗೆ ಗೂಗಲ್ ಫಾರ್ಮಲ್ಲಿ ಎರಡು ಪ್ರಶ್ನೆ ಕಳಿಸಿ, ಮಾರನೇ ದಿನದ ಕ್ಲಾಸು ಅದರಲ್ಲಿ ಬಂದ ತಪ್ಪು ಉತ್ತರದಿಂದಲೇ ಶುರುವಾಗ್ಲಿ. ‘ಸ್ವಯಂ’ ಅನ್ನೋ ಸರ್ಕಾರದ ಆನ್‌ಲೈನ್ ಪೋರ್ಟಲ್ಲಿನ ಕೋರ್ಸಲ್ಲೂ ನಾಲ್ಕು ಭಾಗ ಇರುತ್ತೆ, ವಿಡಿಯೋ, ಓದೋ ಸಾಮಗ್ರಿ, ಚರ್ಚೆ, ಪರೀಕ್ಷೆ. ನಾವೆಲ್ಲ ಮೊದಲನೇದನ್ನ ಹಿಡ್ಕೊಂಡು ಉಳಿದ ಮೂರು ಮರ್ತೇಬಿಟ್ವಿ.

ಪ್ರಶ್ನೆ: ಗೆಸ್ಟ್ ಲೆಕ್ಚರರ್ ನಾನು. ದುಡ್ಡು ಕಟ್ಟಿ ಎಫ್‌ಡಿಪಿ (ಉಪನ್ಯಾಸಕರ ತರಬೇತಿ ಕಾರ್ಯಕ್ರಮ) ಮಾಡ್ಬೇಕಾ?
– ರಾಯಚೂರು

ಉತ್ತರ: ಸರ್ಟಿಫಿಕೇಟಿಗೋಸ್ಕರ ಆದ್ರೆ ಬೇಡ. ಕಟ್ಟೋ ಮುಂಚೆ ವೇಳಾಪಟ್ಟಿ ತರಿಸ್ಕೊಂಡು ನೋಡಿ, ನಿಮ್ಮ ಕೈಲಿ ಏನಾದ್ರೂ ಮಾಡಿಸೋ ಸೆಷನ್ ಒಂದೂ ಇಲ್ಲ, ಬರೀ ಉದ್ಘಾಟನೆ, ಭಾಷಣ, ಸಮಾರೋಪ ಅಂದ್ರೆ ದುಡ್ಡು ಉಳಿಸ್ಕೊಳಿ. ಸ್ವಯಂ ಕೋರ್ಸ್ ಕಲಿಯೋಕೆ ಫ್ರೀ, ಪರೀಕ್ಷೆ ಬರೆದ್ರೆ ಮಾತ್ರ ಫೀಸು. ಅದಕ್ಕೂ ಟೈಮಿಲ್ಲ ಅಂದ್ರೆ ನಿಮ್ಮ ಕಾಲೇಜಲ್ಲಿ ಮಕ್ಕಳು ಬಂಕ್ ಮಾಡದೇ ಇರೋ ಕ್ಲಾಸ್ ಯಾರದು ಅಂತ ವಿಚಾರಿಸಿ, ಅವರನ್ನ ಕೇಳ್ಕೊಂಡು ಒಂದು ಪೀರಿಯಡ್ ಹಿಂದಿನ ಬೆಂಚಲ್ಲಿ ಕೂತ್ಕೊಳಿ. ಪಾಠ ಕೇಳ್ಬೇಡಿ, ಪ್ರಶ್ನೆ ಹಾಕಿದ್ಮೇಲೆ ಅವರು ಎಷ್ಟು ಹೊತ್ತು ಸುಮ್ನಿರ್ತಾರೆ, ತಪ್ಪು ಉತ್ತರ ಬಂದಾಗ ಏನಂತಾರೆ, ಇವೆರಡನ್ನ ಬರ್ಕೊಳಿ.