ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ?

ನಿಮ್ಮ ತಮ್ಮ ಅಡಿಕೆ ಮರದಿಂದ ಬಿದ್ದು, ಬೆನ್ನಿಗೆ ಆಪರೇಷನ್ ಆಗಿ ಮನೆಗೆ ಬಂದು ಎರಡು ತಿಂಗಳಾಯಿತು, ಮತ್ತೆ ನಡೆಯಬೇಕಾದರೆ ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳಿದ್ದೀರಿ. ನಾನೂ ಹಾಗೇ ಬಿದ್ದವನು. ಕೊಳೆ ಔಷಧಿ ಹೊಡೆಯಲು ಹತ್ತಿದ್ದೆ, ಮಳೆಗಾಲದ ಪಾಚಿ, ಕಾಲು ಜಾರಿತು. ಹನ್ನೊಂದು ವರ್ಷದಿಂದ ವೀಲ್‌ಚೇರಿನಲ್ಲಿದ್ದೇನೆ.

ಕಾಲಿಗೆ ಶಕ್ತಿ ಎಷ್ಟು ಮರಳುತ್ತದೆ ಎನ್ನುವುದು ಬೆನ್ನುಹುರಿಗೆ ಎಷ್ಟು ಪೆಟ್ಟಾಗಿದೆ ಎನ್ನುವುದರ ಮೇಲಿದೆ. ಅದನ್ನು ಡಾಕ್ಟರು ಹೇಳಲಿ. ಮನೆಯಲ್ಲಿ ನೀವು ಇವತ್ತಿನಿಂದಲೇ ಕಾಯಬೇಕಾದ್ದು ಅವನ ಚರ್ಮ ಮತ್ತು ಮೂತ್ರಕೋಶವನ್ನು.

ನನಗೆ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಇದನ್ನು ಯಾರೂ ಹೇಳಿ ಕಳಿಸಲಿಲ್ಲ. ಬಾಲಮೂಳೆಯ ಹತ್ತಿರ ಎಂಟಾಣೆ ಅಗಲ ಕೆಂಪಗಾದದ್ದನ್ನು ಅಮ್ಮ ನೋಡಿ, ಪಾಪ, ಎಣ್ಣೆ ಹಚ್ಚಿ ತಿಕ್ಕಿದಳು. ವಾರದೊಳಗೆ ಒಡೆದು ಹುಣ್ಣಾಯಿತು. ಐದು ತಿಂಗಳು ಬೋರಲು ಮಲಗಿದೆ. ಕೆಂಪಾದ ಜಾಗವನ್ನು ತಿಕ್ಕಲೇಬಾರದಂತೆ. ಅರ್ಧ ಗಂಟೆಯಾದರೂ ಕೆಂಪು ಇಳಿಯದಿದ್ದರೆ, ಅದು ಪೂರ್ತಿ ಮಾಯುವ ತನಕ ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಕೂತಿದ್ದಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಕುಂಡಿಯ ಮೇಲಿನ ಭಾರ ಬಿಡಿಸಬೇಕು. ನಡುವೆ ತೂತಿರುವ ಗಾಳಿಯ ದಿಂಬು ಬೇಡ, ಅದರ ಅಂಚು ಒತ್ತಿ ಸುತ್ತಲಿನ ರಕ್ತ ಓಡಾಟವೇ ಕಡಿಮೆಯಾಗುತ್ತದೆ. ಬಚ್ಚಲೊಲೆ, ಸ್ಕೂಟರಿನ ಸೈಲೆನ್ಸರ್, ತೊಡೆಯ ಮೇಲಿಟ್ಟ ಬಿಸಿ ಪಾತ್ರೆ, ಇವುಗಳಿಂದ ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ.

ಇನ್ನು ಮೂತ್ರ. ಮೂತ್ರದ ಪೈಪನ್ನು ಸದಾ ಒಳಗೇ ಬಿಡುವ ಬದಲು, ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಕ್ಯಾತಿಟರ್ (ಮೂತ್ರ ತೆಗೆಯುವ ತೆಳು ಕೊಳವೆ) ಹಾಕಿ ಖಾಲಿ ಮಾಡಿಕೊಳ್ಳುವುದನ್ನು ಕಲಿಸುತ್ತೀರಾ ಎಂದು ಡಾಕ್ಟರನ್ನು ಕೇಳಿ. ಮೊದಲ ದಿನ ನಾನು ಅತ್ತಿದ್ದೆ, ಈಗ ಹಲ್ಲುಜ್ಜಿದಷ್ಟೇ ಸಲೀಸು. ಒಂದು ಸಲಕ್ಕೆ 500 ಮಿಲಿಲೀಟರ್ ದಾಟದಂತೆ ಹೊತ್ತು ಹೊಂದಿಸಿಕೊಳ್ಳಬೇಕು. ತುಂಬಿ ಬಿಗಿದರೆ ಒತ್ತಡ ಕಿಡ್ನಿಗೆ ಹೋಗುತ್ತದೆ. ಜ್ವರ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಪೆಟ್ಟು ಬೆನ್ನುಮೂಳೆಯ ಎದೆಭಾಗದ ಆರನೇ ಮಣಿಯ (ಟಿ6) ಮಟ್ಟದಲ್ಲೋ ಅದಕ್ಕಿಂತ ಮೇಲೋ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಬೆವರಿದರೆ ಮೂತ್ರಕೋಶ ತುಂಬಿಯೋ ಪೈಪು ಕಟ್ಟಿಯೋ ಬಿಪಿ ಏರಿರಬಹುದು. ತಕ್ಷಣ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಪೈಪು ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ಎಲ್ಲಿಗೆ ಎಂದು ಕೇಳಿದಿರಲ್ಲ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗವಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ (ಸಿಎಂಸಿ) 1966ರಲ್ಲೇ ಇದಕ್ಕೆಂದೇ ಸಂಸ್ಥೆ ಶುರುವಾಗಿದೆ. ಕಟ್ಟಿದವರು ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಅವರಿಗೂ ನಮ್ಮಂತೆಯೇ ಆಗಿತ್ತು. ವೀಲ್‌ಚೇರಿನಲ್ಲಿ ಕೂತೇ ಆಪರೇಷನ್ ಮಾಡುತ್ತಿದ್ದರು. ಇದನ್ನು ನಿಮ್ಮ ತಮ್ಮನಿಗೆ ಹೇಳಿ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಈಗಲೇ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ನಮ್ಮೂರಿನವರು ಪೋಲಿಯೋ ಕಾಲೆಳೆದುಕೊಂಡೇ ನಮ್ಮ ಮನೆಯ ದಿಣ್ಣೆ ಹತ್ತಿ ಬಂದು ಅರ್ಜಿ ತುಂಬಿಸಿದರು. ಸರ್ಟಿಫಿಕೇಟಿನಲ್ಲಿ ಅಂಗವೈಕಲ್ಯ 40% ಅಥವಾ ಹೆಚ್ಚಿದ್ದರೆ ಪಿಂಚಣಿಗೆ ಅರ್ಜಿ ಹಾಕಬಹುದು. ವೀಲ್‌ಚೇರನ್ನು ಸೊಂಟದ ಅಳತೆ ಕೊಟ್ಟೇ ತನ್ನಿ, ಅಗಲವಾದರೆ ಬೆನ್ನು ವಾಲುತ್ತದೆ. ಜಗಲಿ ಒಂದಡಿ ಎತ್ತರವಿದ್ದರೆ ಇಳಿಜಾರು ಹನ್ನೆರಡು ಅಡಿ ಉದ್ದ ಬೇಕು.

ಒಂದು ಕೈಗನ್ನಡಿ ತಂದು ತಮ್ಮನ ಕೈಗೇ ಕೊಡಿ. ಬೆಳಿಗ್ಗೆ ಸಂಜೆ ಬೆನ್ನು, ಸೊಂಟ, ಹಿಮ್ಮಡಿ ನೋಡಿಕೊಳ್ಳುವ ಕೆಲಸ ಅವನದೇ ಆಗಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಟಿ (ಎದೆಭಾಗ) ಅಥವಾ ಎಲ್ (ಸೊಂಟದ ಭಾಗ) ಅಕ್ಷರದ ಮುಂದೆ ಒಂದು ಅಂಕೆ ಇರುತ್ತದೆ, ಬೆನ್ನುಮೂಳೆಯಲ್ಲಿ ಪೆಟ್ಟು ಎಲ್ಲಿ ಎಂದು ಅದು ಹೇಳುತ್ತದೆ. ಅದೆಷ್ಟು ಎಂದು ಇಲ್ಲಿ ಬರೆಯಿರಿ, ಮಂಚದಿಂದ ಕುರ್ಚಿಗೆ ದಾಟುವುದನ್ನು ಅದಕ್ಕೆ ತಕ್ಕಂತೆ ಹೇಳುತ್ತೇನೆ.