ಹದಿನಾರು ಪದಗಳ ಶೀರ್ಷಿಕೆಯಲ್ಲಿ ಹತ್ತು ತಪ್ಪು

ಮಾನ್ಯರೇ,

ನೀವು ಕಳುಹಿಸಿದ ಇಂಗ್ಲಿಷ್ ಸಂಶೋಧನಾ ಲೇಖನವನ್ನು ಓದಿದೆ. ಮಾವಿನ ಬೇರುಗಳ ನಡುವೆ ಮಣ್ಣಿನ ಆಮ್ಲೀಯತೆ ಗೇಣುದ್ದದ ಅಂತರದಲ್ಲೇ ಹೇಗೆ ಬದಲಾಗುತ್ತದೆ ಎಂಬುದನ್ನು ಶ್ರದ್ಧೆಯಿಂದ ಅಳೆದಿದ್ದೀರಿ, ಕೋಷ್ಟಕಗಳೂ ಅಚ್ಚುಕಟ್ಟಾಗಿವೆ. ಅದರ ತೂಕವನ್ನು ವಿಷಯತಜ್ಞರು ಹೇಳಲಿ. ನನ್ನನ್ನು ಎರಡು ದಿನ ಕಾಡಿದ್ದು ಮೊದಲ ಪುಟದ ಮೊದಲ ಸಾಲು.

‘ವಾಟ್ ದಿ ಸಾಯಿಲ್ ಈಸ್ ಗಿವಿಂಗ್ ಅಪ್: ಎ ಸ್ಟಡಿ ಆಫ್ ಪಿಎಚ್ ಬಿಟ್ವೀನ್ ದಿ ರೂಟ್ಸ್ ಆಫ್ ಮ್ಯಾಂಜಿಫೆರಾ ಇಂಡಿಕಾ’ ಎಂಬುದು ನಿಮ್ಮ ಶೀರ್ಷಿಕೆ. ಇದರಲ್ಲಿ ಎರಡು ‘ದಿ’ಗಳನ್ನೂ ಎರಡು ‘ಆಫ್’ಗಳನ್ನೂ ದೊಡ್ಡಕ್ಷರದಿಂದ ಆರಂಭಿಸಿದ್ದೀರಿ; ‘ಈಸ್’, ‘ಅಪ್’, ‘ಎ’ ಮತ್ತು ‘ಬಿಟ್ವೀನ್’ ಪದಗಳನ್ನು ಸಣ್ಣಕ್ಷರಕ್ಕೆ ಇಳಿಸಿದ್ದೀರಿ. ‘ಈಸ್’ ಮತ್ತು ‘ಆಫ್’ ಎರಡೂ ಇಂಗ್ಲಿಷಿನಲ್ಲಿ ಎರಡಕ್ಷರದ ಪದಗಳೇ. ಆದರೆ ‘ಈಸ್’ ಕ್ರಿಯಾಪದ. ಎಷ್ಟೇ ಚಿಕ್ಕದಾದರೂ ಟೈಟಲ್ ಕೇಸಿನಲ್ಲಿ, ಅಂದರೆ ಶೀರ್ಷಿಕೆಯ ಮುಖ್ಯ ಪದಗಳನ್ನೆಲ್ಲ ದೊಡ್ಡಕ್ಷರದಿಂದ ಆರಂಭಿಸುವ ಪದ್ಧತಿಯಲ್ಲಿ, ಅದಕ್ಕೆ ದೊಡ್ಡಕ್ಷರ ಬೇಕು. ‘ಆಫ್’ ಪದಗಳ ಸಂಬಂಧವನ್ನು ತೋರಿಸುವ ಬರಿಯ ಪ್ರಿಪೊಸಿಷನ್, ‘ದಿ’ ಬರಿಯ ಆರ್ಟಿಕಲ್; ಅವಕ್ಕೆ ಸಣ್ಣಕ್ಷರ ಸಾಕು. ಏರಿಸಬೇಕಾದ್ದನ್ನು ಇಳಿಸಿ, ಇಳಿಸಬೇಕಾದ್ದನ್ನು ಏರಿಸಿದ್ದೀರಿ.

‘ಅಪ್’ ಪದದ್ದು ಇನ್ನೂ ಸೂಕ್ಷ್ಮ. ‘ಅಪ್ ದಿ ಹಿಲ್’ ಎಂದಿದ್ದರೆ ಅದು ಪ್ರಿಪೊಸಿಷನ್ ಆಗುತ್ತಿತ್ತು, ನೀವು ಬರೆದ ಸಣ್ಣಕ್ಷರವೇ ಸರಿಯಾಗುತ್ತಿತ್ತು. ಇಲ್ಲಿ ಅದು ‘ಗಿವಿಂಗ್’ ಪದಕ್ಕೆ ಅಂಟಿಕೊಂಡು, ಬಿಟ್ಟುಕೊಡುವುದು ಎಂಬ ಅರ್ಥವನ್ನು ಹುಟ್ಟಿಸುವ ಕ್ರಿಯಾವಿಶೇಷಣ; ಕ್ರಿಯಾಪದದ ಜೊತೆಗೆ ಅದರ ತಲೆಯೂ ಎದ್ದಿರಬೇಕು. ‘ಎ’ ಆರ್ಟಿಕಲ್ ಎಂಬ ಕಾರಣಕ್ಕೆ ಅದನ್ನು ಇಳಿಸಿದ್ದೀರಿ ಎಂದು ಊಹಿಸುತ್ತೇನೆ, ಆದರೆ ಕೋಲನ್ ನಂತರದ ಮೊದಲ ಪದ ಯಾವುದೇ ಇರಲಿ, ಅದಕ್ಕೆ ದೊಡ್ಡಕ್ಷರವೇ. ‘ಬಿಟ್ವೀನ್’ ವಿಷಯದಲ್ಲಿ ನಿಮ್ಮನ್ನು ಪೂರ್ತಿ ದೂರಲಾರೆ, ಏಕೆಂದರೆ ಬರಹದ ನಿಯಮಗಳನ್ನು ಹೇಳುವ ಕೈಪಿಡಿಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನ ಎಂಎಲ್ಎ ಪದ್ಧತಿ ಪ್ರಿಪೊಸಿಷನ್ ಎಷ್ಟೇ ಉದ್ದವಾಗಿದ್ದರೂ ಅದನ್ನು ಸಣ್ಣಕ್ಷರದಲ್ಲಿ ಇಡುತ್ತದೆ. ಶಿಕಾಗೋ ಕೈಪಿಡಿಯೂ ಹಾಗೆಯೇ ಹೇಳುತ್ತಿದ್ದು, 2024ರ ಹದಿನೆಂಟನೆಯ ಆವೃತ್ತಿಯಲ್ಲಿ ಐದು ಅಥವಾ ಹೆಚ್ಚು ಅಕ್ಷರಗಳಿದ್ದರೆ ದೊಡ್ಡಕ್ಷರ ಎಂದು ಬದಲಾಯಿಸಿಕೊಂಡಿತು. ನಮ್ಮ ಪತ್ರಿಕೆ ಅನುಸರಿಸುವ, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಎಪಿಎ ಪದ್ಧತಿಗೆ ನಾಲ್ಕು ಅಕ್ಷರಗಳಿದ್ದರೇ ಸಾಕು.

ಉಳಿದವು ಎರಡು. ಪಿಎಚ್‌ನಲ್ಲಿ ‘ಪಿ’ ಯಾವಾಗಲೂ ಸಣ್ಣದು, ‘ಎಚ್’ ದೊಡ್ಡದು. ಅದು ವಿಜ್ಞಾನದ ಸಂಕೇತವಾದ್ದರಿಂದ ಶೀರ್ಷಿಕೆಯ ನಿಯಮ ಅದನ್ನು ಮುಟ್ಟುವುದಿಲ್ಲ. ಪ್ರಭೇದದ ಹೆಸರಿನ ಎರಡನೆಯ ಪದವಾದ ‘ಇಂಡಿಕಾ’ ಕೂಡ ಸಣ್ಣಕ್ಷರದ್ದೇ. ಸಸ್ಯವಿಜ್ಞಾನ ಓದಿದ ನೀವು ಲೇಖನದ ಒಳಗೆಲ್ಲ ಇವೆರಡನ್ನೂ ಸರಿಯಾಗಿಯೇ ಬರೆದಿದ್ದೀರಿ, ಶೀರ್ಷಿಕೆಗೆ ಬಂದಾಗ ಮಾತ್ರ ಮರೆತಿದ್ದೀರಿ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ.

ಸಿಟ್ಟಿನ ಹಿಂದೆ ನನ್ನದೇ ಹಳೆಯ ಗಾಯವೊಂದಿದೆ. ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೂರಕ್ಷರಕ್ಕಿಂತ ಚಿಕ್ಕದಾದ ಪದಕ್ಕೆಲ್ಲ ಸಣ್ಣಕ್ಷರ ಎಂಬ ಸೂತ್ರವನ್ನು ನಾನೇ ಕಟ್ಟಿಕೊಂಡು, ಒಂದು ಸಂಪುಟದ ಪರಿವಿಡಿಯುದ್ದಕ್ಕೂ ‘ಈಸ್’, ‘ಬಿ’, ‘ಇಟ್’ ಪದಗಳ ತಲೆ ತಗ್ಗಿಸಿದ್ದೆ. ಅದು ಹಾಗೆಯೇ ಅಚ್ಚಾಯಿತು. ಹಿರಿಯ ಸಂಪಾದಕರು ಬೈಯಲಿಲ್ಲ. ಪರಿವಿಡಿಯ ಒಂದೊಂದು ಶೀರ್ಷಿಕೆಯನ್ನೂ ಕೈಯಲ್ಲಿ ಬರೆಸಿ, ಪ್ರತಿ ಪದದ ಕೆಳಗೆ ಅದು ನಾಮಪದವೋ, ಸರ್ವನಾಮವೋ, ಕ್ರಿಯಾಪದವೋ ಎಂದು ಬರೆಯಲು ಹೇಳಿದರು. ಮೂರನೆಯ ಹಾಳೆಗೆ ಬರುವಷ್ಟರಲ್ಲಿ, ಪದದ ಉದ್ದವನ್ನು ಅಳೆಯುತ್ತಿದ್ದ ನಾನು ಅದರ ಕೆಲಸವನ್ನು ಕೇಳತೊಡಗಿದ್ದೆ. ನಮ್ಮ ಲಿಪಿಯಲ್ಲಿ ‘ಕ’ ಎಲ್ಲಿ ಬಂದರೂ ‘ಕ’ವೇ, ಹಾಗೆ ಪಳಗಿದ ಕಣ್ಣಿಗೆ ಈ ಏರಿಳಿತ ತಾನಾಗಿ ಕಾಣುವುದಿಲ್ಲ, ಕಲಿಸಬೇಕಾಗುತ್ತದೆ.

ಆಕರ ಸೂಚಿಯ ಬಗ್ಗೆ ಒಂದು ಮಾತು. ಅಲ್ಲಿ ಲೇಖನಗಳ ಶೀರ್ಷಿಕೆಗಳೆಲ್ಲ ಟೈಟಲ್ ಕೇಸಿನಲ್ಲಿವೆ. ಎಪಿಎ ಪ್ರಕಾರ ಸೂಚಿಯಲ್ಲಿ ಲೇಖನ ಮತ್ತು ಪುಸ್ತಕಗಳ ಹೆಸರು ಸೆಂಟೆನ್ಸ್ ಕೇಸಿನಲ್ಲಿರಬೇಕು: ಮೊದಲ ಪದ, ಕೋಲನ್ ನಂತರದ ಪದ ಮತ್ತು ಅಂಕಿತನಾಮಗಳಿಗಷ್ಟೇ ದೊಡ್ಡಕ್ಷರ. ನಿಯತಕಾಲಿಕದ ಹೆಸರು ಮಾತ್ರ ಟೈಟಲ್ ಕೇಸಿನಲ್ಲೇ ಉಳಿಯುತ್ತದೆ. ನಿಮ್ಮದೇ ಹಿಂದಿನ ಲೇಖನದ ಹೆಸರನ್ನು ಪೀಠಿಕೆಯ ವಾಕ್ಯವೊಂದರಲ್ಲಿ ಎತ್ತಿದ್ದೀರಿ. ಅಲ್ಲಿ ಟೈಟಲ್ ಕೇಸ್ ಸರಿ, ಅದನ್ನು ಹಾಗೆಯೇ ಬಿಡಿ.

ತಿದ್ದುವಾಗ ಎಲ್ಲ ಪದಗಳ ಮೊದಲಕ್ಷರವನ್ನು ಒಂದೇ ಬಾರಿಗೆ ದೊಡ್ಡದು ಮಾಡುವ ವರ್ಡ್ ತಂತ್ರಾಂಶದ ಸೌಲಭ್ಯವನ್ನು ದಯವಿಟ್ಟು ಬಳಸಬೇಡಿ. ಅದಕ್ಕೆ ‘ಆಫ್’ ಯಾವುದು, ‘ಸಾಯಿಲ್’ ಯಾವುದು ಎಂಬ ಭೇದವಿಲ್ಲ. ಹದಿನಾರು ಪದಗಳನ್ನೂ ಹೊಸದಾಗಿ ಟೈಪ್ ಮಾಡಿ, ಮೊದಲ ಪುಟವನ್ನಷ್ಟೇ ಮೊದಲು ಕಳುಹಿಸಿ. ಅದನ್ನು ನೋಡಿದ ಮೇಲೆ ಲೇಖನವನ್ನು ವಿಷಯತಜ್ಞರಿಗೆ ರವಾನಿಸುತ್ತೇನೆ.

ಇಂತು,
ಸಂಪಾದಕ